ಜೋಳಿಗೆ ಹಿಡಿದು ನಾಲ್ಕು ದಿನ: ಗಾಣಗಾಪುರದ ದತ್ತ ಜಯಂತಿ

ಮಾರ್ಗಶಿರ ಹುಣ್ಣಿಮೆಯ ಹೊತ್ತಿಗೆ ಕಲಬುರಗಿ ಸೀಮೆಯ ಎರೆಹೊಲದಲ್ಲಿ ಬಿಳಿಜೋಳ ಎತ್ತರಕ್ಕೆ ಬಂದಿರುತ್ತದೆ, ತೊಗರಿ ಒಣಗುತ್ತಿರುತ್ತದೆ, ಬೆಳಗಿನ ಚಳಿಗೆ ಕೈ ಮರಗಟ್ಟುತ್ತದೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ದತ್ತ ಜಯಂತಿಯ ಜನ ಹರಿದು ಬರುವುದು ಆಗಲೇ. ಇಲ್ಲಿಯವರಷ್ಟೇ ಅಲ್ಲ, ಸೊಲ್ಲಾಪುರ, ಪುಣೆ, ಹೈದರಾಬಾದ್ ಕಡೆಯವರೂ ಬರುತ್ತಾರೆ. ಬಹಳ ಮಂದಿ ಹುಣ್ಣಿಮೆಯ ದಿನ ಬೆಳಗ್ಗೆ ಇಳಿದು, ಸಾಲಿನಲ್ಲಿ ನಿಂತು, ಪಾದುಕೆ ನೋಡಿ, ಸಂಜೆಗೆ ವಾಪಸಾಗುತ್ತಾರೆ. ದರ್ಶನವಾಗುತ್ತದೆ, ಹಬ್ಬ ಕೈಗೆ ಸಿಗುವುದಿಲ್ಲ. ಈ ಹಬ್ಬದ ಜೀವ ಇರುವುದು ಗರ್ಭಗುಡಿಯಲ್ಲಿ ಎಷ್ಟೋ ಅಷ್ಟೇ ಮಧ್ಯಾಹ್ನದ ಭಿಕ್ಷೆಯಲ್ಲಿ. ಅದಕ್ಕೆ ನಾಲ್ಕು ದಿನ ಇಟ್ಟುಕೊಂಡು ಹೊರಡಬೇಕು.

ಹೊರಡುವ ಮುಂಚೆ ಒಂದು ಮಾತು ತಿಳಿದಿರಲಿ. ದತ್ತ ಅಂದರೆ ಕೊಟ್ಟದ್ದು. ಮಗುವನ್ನು ಬಯಸಿ ತಪಸ್ಸು ಮಾಡಿದ ಅತ್ರಿ ಋಷಿಗೆ ಭಗವಂತ ಪ್ರಸನ್ನನಾಗಿ ಹೇಳಿದ್ದು ‘ದತ್ತೋ ಮಯಾಹಂ’, ನನ್ನನ್ನೇ ನಿನಗೆ ಕೊಟ್ಟಿದ್ದೇನೆ ಎಂದು. ಭಾಗವತದ ಎರಡನೆಯ ಸ್ಕಂಧ ದತ್ತ ಎಂಬ ಹೆಸರನ್ನು ಹೀಗೆ ಬಿಡಿಸುತ್ತದೆ. ಅತ್ರಿಯ ಮಗನಾದ್ದರಿಂದ ಆತ್ರೇಯ. ದೇವರು ವರ ಕೊಟ್ಟು ಹೋದ ಕಥೆಗಳು ನೂರಿವೆ; ಇಲ್ಲಿ ಕೊಟ್ಟವನೂ ಅವನೇ, ಕೊಟ್ಟ ವಸ್ತುವೂ ಅವನೇ. ಗಾಣಗಾಪುರದ ಆಚರಣೆಗಳೆಲ್ಲ ಈ ಕೊಡು-ಪಡೆಯ ಸುತ್ತಲೇ ಹೆಣೆದುಕೊಂಡಿವೆ.

ಮೊದಲ ದಿನ, ತ್ರಯೋದಶಿ

ಕಲಬುರಗಿಯಿಂದ ಗಾಣಗಾಪುರ ಸುಮಾರು 40 ಕಿ.ಮೀ. ಬಸ್ ನಿಲ್ದಾಣದಿಂದ ನೇರ ಬಸ್ಸುಗಳಿವೆ. ರೈಲಿನಲ್ಲಿ ಬರುವವರು ಸೊಲ್ಲಾಪುರ ಮಾರ್ಗದ ಗಾಣಗಾಪುರ ರೋಡ್ ನಿಲ್ದಾಣದಲ್ಲಿ ಇಳಿಯಬೇಕು. ಹೆಸರು ನೋಡಿ ಊರೇ ಬಂತೆಂದು ತಿಳಿಯಬೇಡಿ. ಅಲ್ಲಿಂದ ಪಾದುಕೆ ಇರುವ ಮಠಕ್ಕೆ ಇನ್ನೂ 20 ಕಿ.ಮೀ.ಗಿಂತ ಹೆಚ್ಚು ದೂರವಿದೆ, ಬಸ್ಸೋ ಜೀಪೋ ಹಿಡಿಯಬೇಕು. ರಾತ್ರಿ ತಡವಾಗಿ ಇಳಿದರೆ ವಾಹನ ಸಿಗುವುದು ಕಷ್ಟ. ಹಗಲು ಮುಟ್ಟುವ ಗಾಡಿಯೇ ಲೇಸು.

ಇಳಿದುಕೊಳ್ಳಲು ಲಾಡ್ಜು, ಧರ್ಮಶಾಲೆಗಳ ಜೊತೆಗೆ ಪೂಜಾರಿಗಳ ಮನೆಗಳಲ್ಲಿ ತಂಗುವ ಹಳೆಯ ರೂಢಿಯೂ ಇದೆ. ಜಯಂತಿಯ ವಾರದಲ್ಲಿ ಮುಂಚೆಯೇ ಮಾತಾಡಿಕೊಳ್ಳದಿದ್ದರೆ ಜಾಗ ಸಿಗುವುದಿಲ್ಲ. ಸಾಮಾನು ಹಗುರವಾಗಿರಲಿ: ಎರಡು ಜೊತೆ ಹತ್ತಿ ಬಟ್ಟೆ, ದಪ್ಪ ಶಾಲು, ಬ್ಯಾಟರಿ, ಒಂದು ಸ್ಟೀಲ್ ಬಟ್ಟಲು, ಜೋಳಿಗೆಗೆ ಎರಡು ಮೊಳ ಚೌಕದ ಹತ್ತಿ ವಸ್ತ್ರ. ದಾರಿಯ ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಸಾಕು. ಜೋಳಿಗೆಯ ವಸ್ತ್ರವನ್ನು ಮನೆಯಲ್ಲೇ ಒಮ್ಮೆ ಒಗೆದು ಒಣಗಿಸಿ ತರಬೇಕು. ಹೊಸ ಕಾವಿ ಬಟ್ಟೆಯನ್ನು ಅಂಗಡಿಯಿಂದ ತಂದು ಹಾಗೇ ಬಳಸಿದರೆ ಬಿಸಿ ಅನ್ನಕ್ಕೆ ಬಣ್ಣ ಹತ್ತುತ್ತದೆ.

ಸಂಜೆ ಮೊದಲ ದರ್ಶನ. ಮಠದಲ್ಲಿ ಎತ್ತರದ ವಿಗ್ರಹ ಹುಡುಕುವ ಕಣ್ಣಿಗೆ ಸಿಗುವುದು ಗೋಡೆಯ ಚಿಕ್ಕ ಕಿಂಡಿ. ಅದರೊಳಗೆ ಬಗ್ಗಿ ನೋಡಬೇಕು. ನಿಂತ ನಿಲುವಿನಲ್ಲಿ ಏನೂ ಕಾಣದು. ಇಲ್ಲಿರುವುದು ನಿರ್ಗುಣ ಪಾದುಕೆ. 14-15ನೆಯ ಶತಮಾನದಲ್ಲಿ ಬಾಳಿದ ನೃಸಿಂಹ ಸರಸ್ವತಿ ಯತಿಗಳು ಗಾಣಗಾಪುರದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಇದ್ದು, ಶ್ರೀಶೈಲದ ಕಡೆಗೆ ಹೊರಡುವಾಗ ಭಕ್ತರಿಗೆ ಬಿಟ್ಟುಹೋದದ್ದು ಇದೇ ಎಂಬುದು ನಂಬಿಕೆ. ಭಕ್ತರು ಅವರನ್ನು ದತ್ತನ ಎರಡನೆಯ ಅವತಾರವೆಂದು ಕಾಣುತ್ತಾರೆ. ಮೊದಲನೆಯವರು ರಾಯಚೂರು ಕಡೆಯ ಕುರುವಪುರದ ಶ್ರೀಪಾದ ಶ್ರೀವಲ್ಲಭರು. ಪಾದುಕೆಗೆ ನೀರಿನ ಅಭಿಷೇಕವಿಲ್ಲ, ಕೇಸರಿ ಮತ್ತು ಅಷ್ಟಗಂಧದ ಲೇಪನ ಮಾತ್ರ. ಮೂರ್ತಿ ಇದ್ದರೆ ಮುಖ ನೋಡುತ್ತೇವೆ, ಅಲಂಕಾರ ನೋಡುತ್ತೇವೆ. ಪಾದುಕೆಯ ಮುಂದೆ ನೋಡುವುದಕ್ಕೆ ಹೆಚ್ಚೇನೂ ಇಲ್ಲ. ನಡೆದವನು ಕಾಣುವುದಿಲ್ಲ, ನಡೆದದ್ದು ಮಾತ್ರ ಉಳಿದಿದೆ. ನಿರ್ಗುಣ ಎಂಬ ದೊಡ್ಡ ಮಾತು ಅಲ್ಲಿ ಅಷ್ಟು ಸರಳವಾಗಿ ಮನಸ್ಸಿಗೆ ಇಳಿಯುತ್ತದೆ.

ಕಿಂಡಿಯ ಮುಂದೆ ಸಿಗುವುದು ಕೆಲವೇ ಕ್ಷಣ. ಅಲ್ಲಿ ನಿಂತು ಬೇಡಿಕೆಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳುತ್ತ ಹೋದರೆ ನೋಡುವುದೇ ತಪ್ಪಿಹೋಗುತ್ತದೆ. ಹೇಳಿಕೊಳ್ಳುವುದನ್ನು ಸಾಲಿನಲ್ಲೇ ಹೇಳಿ ಮುಗಿಸಿ.

ಎರಡನೆಯ ದಿನ, ಚತುರ್ದಶಿ

ನೃಸಿಂಹ ಸರಸ್ವತಿಗಳ ಜೀವನಕಥೆ ಹೇಳುವ ಗುರುಚರಿತ್ರೆಯ ಪ್ರಕಾರ, ಅವರು ಹೊರಟು ನಿಂತಾಗ ಅಳುತ್ತಿದ್ದ ಜನರಿಗೆ ಕೊಟ್ಟ ಭಾಷೆ ಇದು: ಬೆಳಗ್ಗೆ ಸಂಗಮದಲ್ಲಿ ಸ್ನಾನ-ಅನುಷ್ಠಾನ, ಮಧ್ಯಾಹ್ನ ಗಾಣಗಾಪುರದಲ್ಲಿ ಭಿಕ್ಷೆ, ಕಾಣದಂತೆ ಇಲ್ಲೇ ಇರುತ್ತೇವೆ. ಎರಡನೆಯ ದಿನವನ್ನು ಈ ಭಾಷೆಯ ಜಾಡಿನಲ್ಲೇ ನಡೆಸಬೇಕು.

ಭೀಮಾ ಮತ್ತು ಅಮರಜಾ ಕೂಡುವ ಸಂಗಮ ಊರಿನಿಂದ ಸುಮಾರು 3 ಕಿ.ಮೀ. ಟಂಟಂ ಆಟೋಗಳು ಸಿಗುತ್ತವೆ, ಆದರೆ ಹೋಗುವಾಗಲಾದರೂ ನಡೆದೇ ಹೋಗಿ. ಗುರು ದಿನವೂ ನಡೆಯುತ್ತಿದ್ದ ದಾರಿ ಇದು. ದಾರಿಬದಿಯ ಹೊಲದ ಒಕ್ಕಲಿಗನೊಬ್ಬ ಅವರು ಹಾದುಹೋದಾಗಲೆಲ್ಲ ಓಡಿಬಂದು ಕೈಮುಗಿಯುತ್ತಿದ್ದ. ಒಂದು ದಿನ ಗುರು, ನಾವು ತಿರುಗಿ ಬರುವುದರೊಳಗೆ ಇಷ್ಟೂ ಪೈರು ಕೊಯ್ದುಬಿಡು ಅಂದರು. ಕಾಳು ಬಲಿಯದ ಹಸಿ ಜೋಳ. ಮನೆಯವರು ಎದೆ ಬಡಿದುಕೊಂಡರೂ ಅವನು ಕೊಯ್ದ. ಮುಂದೆ ಅಕಾಲದ ಮಳೆ, ಗಾಳಿಗೆ ಸುತ್ತಲಿನ ಹೊಲಗಳೆಲ್ಲ ಹಾಳಾದವು. ಅವನ ಕೊಯ್ದ ಬುಡಗಳು ಮಾತ್ರ ಕೂಳೆ ಒಡೆದು, ಒಂದೊಂದಕ್ಕೂ ಹಲವು ತೆನೆ ಬಿಟ್ಟವು. ಜೋಳ ಬೆಳೆಯುವವರಿಗೆ ಬುಡದಿಂದ ಮರಿ ಒಡೆಯುವುದು ಹೊಸದಲ್ಲ. ಹೊಸದು, ನಿಂತ ಬೆಳೆಯ ಮೇಲಿನ ಹಿಡಿತವನ್ನು ಅವನು ಬಿಟ್ಟ ಬಗೆ. ಕಥೆಯ ಭಾರ ಇರುವುದು ಅಲ್ಲಿ. ನೂರ್ಮಡಿ ಫಸಲಿನ ಲೆಕ್ಕ ಆಮೇಲಿನ ಮಾತು.

ಸೂರ್ಯೋದಯಕ್ಕೆ ಮುಂಚೆ ಸಂಗಮ ಮುಟ್ಟಿದರೆ ಸ್ನಾನ ನಿರಾಳ. ಘಟ್ಟದ ಕೆಳಗಿನ ಮೆಟ್ಟಿಲುಗಳಿಗೆ ಪಾಚಿ ಕಟ್ಟಿರುತ್ತದೆ. ಕಾಲು ಜಾರುವುದು ಇಳಿಯುವಾಗಲ್ಲ, ಒದ್ದೆ ಬಟ್ಟೆಯಲ್ಲಿ ಹತ್ತುವಾಗ. ಮೇಲಿನ ಬ್ಯಾರೇಜುಗಳಿಂದ ನೀರು ಬಿಟ್ಟರೆ ಮಟ್ಟ ಏರುತ್ತದೆ, ಸೆಳೆತವೂ ಹೆಚ್ಚುತ್ತದೆ. ಮೊಣಕಾಲು ಮಟ್ಟದ ನೀರಲ್ಲೇ ಮೂರು ಮುಳುಗು ಹಾಕಿದರೆ ಸಾಕು. ಉಟ್ಟ ಬಟ್ಟೆಯನ್ನು ನದಿಯಲ್ಲೇ ಬಿಟ್ಟರೆ ಪೀಡೆ ಕಳೆಯುತ್ತದೆಂದು ಕೆಲವರು ಬಿಟ್ಟು ಹೋಗುತ್ತಾರೆ. ಅದು ಹಿಂದೆ ಬರುವವರ ಕಾಲಿಗೆ ಸುತ್ತಿಕೊಳ್ಳುತ್ತದೆ, ನೀರನ್ನೂ ಕೆಡಿಸುತ್ತದೆ. ಅಮರಜಾ ಎಂಬ ಹೆಸರಿನ ಹಿಂದೆ, ಇಂದ್ರ ಒಯ್ಯುತ್ತಿದ್ದ ಅಮೃತದ ಕೊಡದಿಂದ ಚೆಲ್ಲಿದ ಹನಿಯಿಂದ ಈ ನದಿ ಹುಟ್ಟಿತೆಂಬ ಕಥೆಯಿದೆ. ಅಂಥ ನೀರಿಗೆ ಹಳೆ ಬಟ್ಟೆ ಹಾಕುವುದು ಯಾವ ಶಾಸ್ತ್ರಕ್ಕೂ ಸಲ್ಲದು.

ಸ್ನಾನವಾದ ಮೇಲೆ ಔದುಂಬರದ ಕಟ್ಟೆ. ಔದುಂಬರ ಎಂದರೆ ನಮ್ಮ ಅತ್ತಿ ಮರ. ದತ್ತನಿಗೆ ಈ ಮರವೇ ಯಾಕೆ ಎಂಬುದಕ್ಕೆ ಒಂದು ಅತ್ತಿಕಾಯಿ ಬಿಡಿಸಿ ನೋಡಬೇಕು. ಅತ್ತಿಗೆ ಹೂವೇ ಇಲ್ಲವೆಂದು ಜನ ಹೇಳುವುದುಂಟು. ಹೂವಿದೆ, ನೂರಾರಿವೆ, ಆದರೆ ಎಲ್ಲವೂ ಕಾಯಿಯಂತೆ ಕಾಣುವ ಆ ಗುಂಡು ಚೀಲದ ಒಳಗೆ, ಒಳಮುಖವಾಗಿ ಅರಳುತ್ತವೆ. ತುದಿಯ ಸೂಜಿಮೊನೆಯಷ್ಟು ತೂತಿನಿಂದ ಚಿಕ್ಕ ಕಣಜ ಹುಳ ಒಳಹೊಕ್ಕು ಪರಾಗ ಮುಟ್ಟಿಸುತ್ತದೆ. ಹೊರಗೆ ಬಣ್ಣವಿಲ್ಲ, ಪರಿಮಳದ ಜಾಹೀರಿಲ್ಲ, ಕೊಂಬೆಗೆ ನೇರವಾಗಿ ಗೊಂಚಲುಗೊಂಚಲು ಹಣ್ಣು. ಈ ಕಟ್ಟೆಯ ಮೇಲೆ ಕೂತು ಗುರುಚರಿತ್ರೆ ಓದುವವರು ಸಾಲುಸಾಲಾಗಿ ಸಿಗುತ್ತಾರೆ. ಏಳು ದಿನದ ಪಾರಾಯಣ ಹಿಡಿದವರು ಜಯಂತಿಗೆ ಮುಗಿಯುವಂತೆ ಲೆಕ್ಕ ಹಾಕಿರುತ್ತಾರೆ. ಅವರ ಮುಂದೆ ಹಾದು ಹೋಗದೆ ಹಿಂದಿನಿಂದ ಪ್ರದಕ್ಷಿಣೆ ಹಾಕಿ. ಕುಷ್ಠದಿಂದ ನೊಂದ ನರಹರಿ ಎಂಬವನಿಗೆ ಗುರು ಒಣಗಿದ ಅತ್ತಿ ಕಟ್ಟಿಗೆ ಕೊಟ್ಟು, ಸಂಗಮದಲ್ಲಿ ನೆಟ್ಟು ನೀರೆರೆ ಅಂದದ್ದು ಇಲ್ಲೇ. ಜನ ಬೇಡವೆಂದರೂ ಅವನು ನೀರು ಹಾಕುವುದು ಬಿಡಲಿಲ್ಲ, ಕಟ್ಟಿಗೆ ಚಿಗುರಿತು.

ಷಟ್ಕುಲ, ನರಸಿಂಹ, ಭಾಗೀರಥಿ, ಪಾಪವಿನಾಶಿ, ಕೋಟಿ, ರುದ್ರಪಾದ, ಚಕ್ರ, ಮನ್ಮಥ ಎಂಬ ಎಂಟು ತೀರ್ಥಗಳ ಸುತ್ತು ಇಲ್ಲಿ ಪ್ರಸಿದ್ಧ. ಸಂಗಮದ ಷಟ್ಕುಲದಿಂದ ಆರಂಭ, ಕಲ್ಲೇಶ್ವರ ಗುಡಿಯ ಬಳಿಯ ಮನ್ಮಥ ತೀರ್ಥದಲ್ಲಿ ಕೊನೆ. ಟಂಟಂನಲ್ಲಿ ಹೋದರೂ ಅರ್ಧ ದಿನ ಹಿಡಿಯುತ್ತದೆ. ಬೆಳಗ್ಗೆಯೇ ಎಂಟನ್ನೂ ಮುಗಿಸುತ್ತೇವೆಂದು ಹೊರಟವರು ಮಧ್ಯಾಹ್ನದ ಭಿಕ್ಷೆಗೆ ತಪ್ಪಿಹೋಗುತ್ತಾರೆ, ಬಹಳ ಸಲ ನಡೆಯುವ ಎಡವಟ್ಟು ಇದು. ಎರಡರಲ್ಲಿ ಒಂದೇ ಆಗುವುದಾದರೆ ಭಿಕ್ಷೆಯನ್ನೇ ಆರಿಸಿ, ಉಳಿದ ತೀರ್ಥಗಳು ಮಧ್ಯಾಹ್ನದ ಮೇಲಾಗಲಿ. ಸಂಗಮದ ಬಳಿ ಭಸ್ಮದ ಗುಡ್ಡವಿದೆ, ಪ್ರಸಾದಕ್ಕೆ ಒಂದು ಚಿಟಿಕೆ ಸಾಕು. ಚೀಲಗಟ್ಟಲೆ ತುಂಬಿಕೊಂಡು ಹೋದರೆ ಮುಂದಿನವರಿಗೆ ಗುಡ್ಡ ಉಳಿಯದು.

ಈಗ ಮಾಧುಕರಿ, ಅಂದರೆ ಮನೆಮನೆಯ ಮುಂದೆ ನಿಂತು ಬೇಡುವ ಮಧ್ಯಾಹ್ನದ ಭಿಕ್ಷೆ.

ಮಧುಕರ ಎಂದರೆ ಜೇನುಹುಳ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಯದುರಾಜನಿಗೆ ತನ್ನ ಇಪ್ಪತ್ನಾಲ್ಕು ಗುರುಗಳನ್ನು ಎಣಿಸಿ ಹೇಳುವ ಅವಧೂತನನ್ನು ಪರಂಪರೆ ದತ್ತಾತ್ರೇಯನೆಂದೇ ಗುರುತಿಸುತ್ತದೆ. ಭೂಮಿ, ಗಾಳಿ, ಸಮುದ್ರ, ಹೆಬ್ಬಾವು, ಜೇಡ ಮೊದಲಾದ ಆ ಗುರುಗಳಲ್ಲಿ ಜೇನುಹುಳವೂ ಒಂದು. ಅದು ಕಲಿಸಿದ ಪಾಠ ಎರಡು. ಒಂದು, ‘ಸ್ತೋಕಂ ಸ್ತೋಕಂ’: ಹೂವು ಬಾಡದ ಹಾಗೆ ಒಂದೊಂದರಿಂದ ತುಸುತುಸುವೇ ತೆಗೆದುಕೋ, ಯಾವ ಮನೆಗೂ ಭಾರವಾಗಬೇಡ. ಎರಡು, ಸಂಜೆಗೆಂದೋ ನಾಳೆಗೆಂದೋ ಭಿಕ್ಷೆ ಕೂಡಿಡಬೇಡ. ಕೂಡಿಟ್ಟ ಹುಳ ಜೇನಿನೊಂದಿಗೇ ಹಾಳಾಗುತ್ತದೆ.

ಮಧ್ಯಾಹ್ನ ಹನ್ನೆರಡರ ಆಸುಪಾಸಿಗೆ ಜೋಳಿಗೆ ಸಿದ್ಧವಿರಬೇಕು. ವಸ್ತ್ರ ಹಾಸಿ ಎದುರುಬದುರಿನ ಎರಡು ಮೂಲೆ ಸೇರಿಸಿ ಒಂದು ಗಂಟು, ಉಳಿದೆರಡು ಸೇರಿಸಿ ಇನ್ನೊಂದು. ಗೇಣಗಲ ಬಾಯಿ ಬಿಡಬೇಕು. ಬಿಗಿಯಾಗಿ ಕಟ್ಟಿದರೆ ನೀಡುವವರ ಕೈ ಒಳಗೆ ಹೋಗದೆ ಅನ್ನ ಹೊರಗೆ ಚೆಲ್ಲುತ್ತದೆ. ಸಾರು, ಪಲ್ಯ ಬಟ್ಟೆಗೆ ಇಳಿಯದಂತೆ ಒಳಗೆ ಬಟ್ಟಲು ಇಡಿ. ಚಪ್ಪಲಿ ಬಿಟ್ಟು ಹೊರಡಿ, ಕನಿಷ್ಠ ಐದು ಕಡೆ ನಿಲ್ಲಿ. ಹೊಸ್ತಿಲಿಂದ ಒಂದು ಹೆಜ್ಜೆ ಹಿಂದೆ ನಿಂತು ‘ಓಂ ಭವತಿ ಭಿಕ್ಷಾಂ ದೇಹಿ’ ಎಂದು ಒಮ್ಮೆ ಹೇಳಬೇಕು. ಅದು ಬಾಯಿಗೆ ಬಾರದಿದ್ದರೆ ‘ಅವ್ವಾ, ಭಿಕ್ಷಾ ನೀಡ್ರಿ’ ಅಂದರೂ ಆದೀತು. ಶುಕಮುನಿ ಗೃಹಸ್ಥರ ಬಾಗಿಲಲ್ಲಿ ಹಸು ಕರೆಯುವಷ್ಟು ಹೊತ್ತು ಮಾತ್ರ ನಿಲ್ಲುತ್ತಿದ್ದನಂತೆ. ಅದೇ ಅಳತೆ ನಮಗೂ ಇರಲಿ, ಮತ್ತೆ ಮತ್ತೆ ಕೂಗುವುದು ಬೇಡ. ಇಂಥದ್ದೇ ಹಾಕಿ ಎನ್ನುವಂತಿಲ್ಲ, ಹಾಕಿದ್ದನ್ನು ಬೇಡವೆನ್ನುವಂತಿಲ್ಲ. ‘ಇನ್ನೊಂದ್ ಚೂರ್ ಹಾಕ್ಲೇನ್ರಿ?’ ಎಂದು ಅವರೇ ಕೇಳಿದರೆ ‘ಸಾಕ್ರಿ ತಾಯಿ’ ಎನ್ನಬಹುದು.

ಜಯಂತಿಯ ದಿನಗಳಲ್ಲಿ ಮನೆಯವರಷ್ಟೇ ಅಲ್ಲ, ಹೊರಗಿನಿಂದ ಬಂದ ಭಕ್ತರೂ ಮಠದ ಸುತ್ತ ಚಪಾತಿ, ಅನ್ನ, ಶಿರಾ ಹಿಡಿದು ನೀಡಲು ನಿಂತಿರುತ್ತಾರೆ. ಗುರು ಯಾವ ವೇಷದಲ್ಲಾದರೂ ಈ ಹೊತ್ತಿಗೆ ಬಂದು ಕೈಯೊಡ್ಡುತ್ತಾನೆಂಬ ನಂಬಿಕೆ ಗಟ್ಟಿಯಾದ್ದರಿಂದ ಅವರು ಬಂದ ಪ್ರತಿಯೊಬ್ಬರ ಮುಖ ನೋಡುತ್ತಾರೆ. ಒಬ್ಬ ಅಧಿಕಾರಿ, ಪಕ್ಕದಲ್ಲಿ ಕೂಲಿಯವ, ಆಚೆ ನಿಜಕ್ಕೂ ಹಸಿದ ಭಿಕ್ಷುಕ. ಎಲ್ಲರ ಜೋಳಿಗೆಗೂ ಅದೇ ತುತ್ತು. ಕೊಡುವುದನ್ನು ಜೀವನವಿಡೀ ಕಲಿತವರಿಗೂ ಕೈಯೊಡ್ಡುವುದು ಗೊತ್ತಿರುವುದಿಲ್ಲ. ಮೊದಲ ಮನೆಯ ಮುಂದೆ ದನಿ ಏಳುವುದೇ ಇಲ್ಲ. ಮೂರನೆಯ ಮನೆಯ ಹೊತ್ತಿಗೆ ತಾನು ಯಾರೆಂಬ ಬಿಗುಮಾನ ಸಡಿಲುತ್ತದೆ. ಸಾಧನೆ ಎನ್ನುವುದಾದರೆ ಆ ಎರಡು ಮನೆಗಳ ನಡುವಿನ ದಾರಿಯೇ ಅದು.

ಎಲ್ಲೆಂದರಲ್ಲಿ ನಿಂತು ತಿನ್ನಬಾರದು. ನೀರಿರುವ ಜಾಗಕ್ಕೆ ಹೋಗಿ, ಕೈಕಾಲು ತೊಳೆದು, ಅನ್ನದ ಮೇಲೆ ನೀರು ಪ್ರೋಕ್ಷಿಸಿ, ದೇವರಿಗೆ ತೋರಿಸಿ, ಹಸು-ನಾಯಿಗೆ ಒಂದು ಪಾಲು ತೆಗೆದಿಟ್ಟು, ಪಕ್ಕದವರಿಗೆ ಹಂಚಿ, ಉಳಿದದ್ದನ್ನು ಮಾತಿಲ್ಲದೆ ಪೂರ್ತಿ ಉಣ್ಣಬೇಕು. ಐದು ಕಡೆಯ ಅನ್ನ, ಐದು ಕೈಯ ಉಪ್ಪು-ಖಾರ ಕಲಸಿಕೊಂಡು ಇದು ಯಾರ ಮನೆಯ ರುಚಿಯೂ ಆಗಿರುವುದಿಲ್ಲ. ತಪ್ಪಾಗುವುದು ಇಲ್ಲೇ. ಪುಣ್ಯ ಹೆಚ್ಚಲೆಂದು ಹತ್ತು-ಹದಿನೈದು ಕಡೆ ನಿಂತು ತುಂಬಿಕೊಂಡವರು ಅರ್ಧ ಉಂಡು ಚೆಲ್ಲುತ್ತಾರೆ, ಇಲ್ಲವೇ ಡಬ್ಬಿಗೆ ಹಾಕಿ ಊರಿಗೆ ಒಯ್ಯುತ್ತಾರೆ. ಶಿರಾ, ಅನ್ನ ಬೆರೆತದ್ದು ಸಂಜೆಗೆ ಹಳಸುತ್ತದೆ. ಪಾಠ ಕಲಿಸಿದ ಜೇನುಹುಳದ ಮಾತಿಗೂ ಅದು ವಿರುದ್ಧ.

ಮೂರನೆಯ ದಿನ, ಹುಣ್ಣಿಮೆ

ಇಂದು ಜನವೋ ಜನ. ಮಠದ ಸುತ್ತಲಿನ ಓಣಿಗಳು ಇಕ್ಕಟ್ಟು; ಮಕ್ಕಳ ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇರಲಿ, ತಪ್ಪಿಸಿಕೊಂಡರೆ ಸೇರುವ ಜಾಗವನ್ನು ಬೆಳಗ್ಗೆಯೇ ಗೊತ್ತು ಮಾಡಿಕೊಳ್ಳಿ.

ತೊಟ್ಟಿಲಿಗೆ ಹೂ ಕಟ್ಟಿ ಮಗುವನ್ನಿಟ್ಟು ಜೋಗುಳ ಹಾಡುವುದು ಜಯಂತಿಯ ಮುಖ್ಯ ಘಟ್ಟ. ದತ್ತ ಹುಟ್ಟಿದ್ದು ಸೂರ್ಯಾಸ್ತದ ಹೊತ್ತಿಗೆಂದು ಬಹಳ ಕಡೆ ಆಗಲೇ ತೊಟ್ಟಿಲು ತೂಗುತ್ತಾರೆ, ಕೆಲವು ಕಡೆ ಮಧ್ಯಾಹ್ನ. ಮಠದ ಫಲಕದಲ್ಲಿ ಆ ವರ್ಷದ ಸಮಯ ನೋಡಿಕೊಳ್ಳಿ.

ತೊಟ್ಟಿಲ ಹಿಂದಿನ ಕಥೆಯೂ ಭಿಕ್ಷೆಯದೇ. ಬ್ರಹ್ಮ, ವಿಷ್ಣು, ಮಹೇಶ್ವರರು ಭಿಕ್ಷುಕರಾಗಿ ಅತ್ರಿಯ ಹೆಂಡತಿ ಅನಸೂಯೆಯ ಬಾಗಿಲಿಗೆ ಬಂದು, ವಸ್ತ್ರವಿಲ್ಲದೆ ಬಡಿಸಿದರೆ ಮಾತ್ರ ಉಣ್ಣುತ್ತೇವೆಂದರು. ಬಂದವರನ್ನು ಹಸಿದು ಕಳಿಸುವಂತಿಲ್ಲ, ಧರ್ಮವನ್ನೂ ಬಿಡುವಂತಿಲ್ಲ. ಆಕೆ ಗಂಡನ ಪಾದತೀರ್ಥ ಚಿಮುಕಿಸಿ ಮೂವರನ್ನೂ ಕೂಸುಗಳಾಗಿಸಿ ಹಾಲೂಡಿದಳು. ಅಸೂಯೆ ಇಲ್ಲದವಳು ಅನಸೂಯೆ. ಪರೀಕ್ಷಿಸಲು ಬಂದವರ ಮೇಲೂ ಸಿಟ್ಟಾಗದೆ ಅವರನ್ನು ಮಕ್ಕಳಂತೆ ಕಂಡ ಮನಸ್ಸಿಗೆ ದೇವರು ಮಗುವಾಗಿ ಬಂದ. ಅತ್ರಿ ಎಂಬ ಹೆಸರನ್ನು ಅ-ತ್ರಿ, ಮೂರು ಗುಣ ದಾಟಿದವನು ಎಂದು ಬಿಡಿಸುವುದುಂಟು. ಮೂರನ್ನು ಮೀರಿದ ತಂದೆ, ಅಸೂಯೆ ಕಳೆದ ತಾಯಿ. ಇವರಿಬ್ಬರಿಗೆ ಹುಟ್ಟುವುದು ತನ್ನನ್ನೇ ಕೊಟ್ಟುಕೊಳ್ಳುವ ಮಗು.

ಪಟದಲ್ಲಿ ಕಾಣುವ ಆರು ಕೈಗಳನ್ನು ಎರಡೆರಡಾಗಿ ಓದಬೇಕು: ಬ್ರಹ್ಮನ ಜಪಮಾಲೆ-ಕಮಂಡಲು, ವಿಷ್ಣುವಿನ ಶಂಖ-ಚಕ್ರ, ಶಿವನ ಡಮರು-ತ್ರಿಶೂಲ. ಬೆನ್ನ ಹಿಂದಿನ ಹಸುವನ್ನು ಭೂಮಿಯೆಂದೂ ಕಾಲ ಬಳಿಯ ನಾಲ್ಕು ನಾಯಿಗಳನ್ನು ವೇದಗಳೆಂದೂ ಹೇಳುತ್ತಾರೆ. ಹೊಸ್ತಿಲಾಚೆ ನಿಲ್ಲಿಸುವ ಪ್ರಾಣಿಗೆ ವೇದದ ಸ್ಥಾನ ಕೊಟ್ಟ ದೇವರು ಇವನು. ನಿನ್ನೆ ತೆಗೆದಿಟ್ಟ ಪಾಲು ಯಾಕೆಂದು ಪಟ ನೋಡಿದರೆ ತಿಳಿಯುತ್ತದೆ.

ದತ್ತ ಜನ್ಮಕ್ಕೆ ಹಂಚುವ ಸುಂಠವಡಾ ಮನೆಯಲ್ಲೂ ಮಾಡಬಹುದು. ಒಣಕೊಬ್ಬರಿ ತುರಿ ಒಂದು ಬಟ್ಟಲು, ಪುಡಿಸಕ್ಕರೆ ಮುಕ್ಕಾಲು ಬಟ್ಟಲು, ಶುಂಠಿ ಪುಡಿ ಎರಡು ಚಮಚ, ಗಸಗಸೆ ಒಂದು ಚಮಚ, ನಾಲ್ಕು ಏಲಕ್ಕಿ. ಕೊಬ್ಬರಿ, ಗಸಗಸೆಯನ್ನು ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಬಿಸಿಮಾಡಿ, ಪೂರ್ತಿ ಆರಿದ ಮೇಲೆ ಕುಟ್ಟಿ ಬೆರೆಸಬೇಕು. ಬಿಸಿಯಿದ್ದಾಗಲೇ ಸಕ್ಕರೆ ಸೇರಿಸಿದರೆ ಗಂಟು ಕಟ್ಟುತ್ತದೆ. ಹಸಿ ಕೊಬ್ಬರಿ ಹಾಕಿದರೆ ಮರುದಿನ ಮುಗ್ಗಲು. ಶುಂಠಿಯನ್ನು ಜರಡಿ ಹಿಡಿಯದಿದ್ದರೆ ನಾರು ಗಂಟಲಿಗೆ ಸಿಕ್ಕುತ್ತದೆ. ಶುಂಠಿ, ಕೊಬ್ಬರಿ, ಗಸಗಸೆ ಬಾಣಂತಿಗೆ ಕೊಡುವ ಪದಾರ್ಥಗಳು. ಮಗು ಹುಟ್ಟಿದ ಮನೆಯವರಂತೆ ಆ ಸಂಜೆ ನೆರೆದವರೆಲ್ಲ ಅದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ.

ಮಂಗಳಾರತಿಯ ಹೊತ್ತಿಗೆ ಕೆಲವರು ಚೀರುವುದು, ಕಂಬಗಳನ್ನು ಅಪ್ಪಿ ನರಳುವುದು ಕಾಣುತ್ತದೆ. ಮನಸ್ಸಿನ ಬಾಧೆಯಿಂದ ಬೆಂದವರನ್ನು ಕರೆತರುವ ಕ್ಷೇತ್ರ ಇದು. ಸುತ್ತ ಗುಂಪು ಕಟ್ಟಬೇಡಿ, ಮೊಬೈಲ್ ಎತ್ತಬೇಡಿ. ಕರೆತಂದವರ ಕೈಗೆ ನೀರು ಕೊಟ್ಟು ಜಾಗ ಬಿಡಿ. ಡಾಕ್ಟರರು ಕೊಟ್ಟ ಗುಳಿಗೆಯನ್ನು ಕ್ಷೇತ್ರಕ್ಕೆ ಬಂದೆವೆಂದು ನಿಲ್ಲಿಸುವುದು ಅಪಾಯ, ಗುರುಸೇವೆ ಮತ್ತು ಔಷಧಿ ಎರಡೂ ಜೊತೆಗೆ ನಡೆಯಲಿ. ಗುರುಚರಿತ್ರೆಯ ಕೊನೆಯ ಭಾಗದಲ್ಲಿ ತೊಡೆಯ ಹುಣ್ಣಿನಿಂದ ನರಳುತ್ತಿದ್ದ ವೈದುರಾನಗರದ ಯವನ (ಮುಸ್ಲಿಂ) ಅರಸ ಗುರುವನ್ನು ಹುಡುಕಿಕೊಂಡು ಬರುತ್ತಾನೆ. ಆ ಊರು ನಮ್ಮ ಬೀದರ್ ಎಂದೇ ಪರಂಪರೆ ಹೇಳುತ್ತದೆ. ಅವನ ಜಾತಿ, ಮತ ಗುರು ಕೇಳಲಿಲ್ಲ. ಎಲ್ಲಿದ್ದೆ ಇಷ್ಟು ದಿನ, ಎಂದು ಹಳೆಯ ಸೇವಕನನ್ನು ಕರೆದಂತೆ ಕರೆದರು.

ನಾಲ್ಕನೆಯ ದಿನ, ಪಾಡ್ಯ

ಆ ಅರಸನ ದಾರಿಯನ್ನು ತಿರುಗಿ ಹಿಡಿದಂತೆ ಬೀದರ್ ಜಿಲ್ಲೆಯ ಕಡೆಗೆ ಹೊರಡಬಹುದು. ಕಲಬುರಗಿಗೆ ಬಂದು ಅಲ್ಲಿಂದ ಹುಮನಾಬಾದ್ ಸುಮಾರು 60 ಕಿ.ಮೀ., ಬಸ್ಸೂ ಇದೆ, ಬೀದರ್ ಮಾರ್ಗದ ರೈಲೂ ಇದೆ. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ, ಭಕ್ತರು ದತ್ತನ ಅವತಾರವೆಂದೇ ಕಾಣುವ ಮಾಣಿಕ ಪ್ರಭುಗಳ ಸಮಾಧಿ ಇದೆ. 1817ರ ದತ್ತ ಜಯಂತಿಯಂದೇ ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಹುಟ್ಟಿ, 1865ರ ಮಾರ್ಗಶಿರ ಏಕಾದಶಿಗೆ ಸಮಾಧಿಯಾದವರು. ಹೀಗಾಗಿ ಇಲ್ಲಿನ ಉತ್ಸವ ಪುಣ್ಯತಿಥಿ, ಜಯಂತಿ ಎರಡನ್ನೂ ಒಂದೇ ಮಾಲೆಯಲ್ಲಿ ಪೋಣಿಸುತ್ತದೆ. ಎಲ್ಲ ಮತಗಳೂ ಒಂದೇ ಸತ್ಯಕ್ಕೆ ಸೇರುತ್ತವೆಂಬ ಅವರ ಸಕಲಮತ ಸಿದ್ಧಾಂತಕ್ಕೆ ಹಿಂದೂಗಳೂ ಮುಸ್ಲಿಮರೂ ತಲೆಬಾಗುತ್ತ ಬಂದಿದ್ದಾರೆ.

ಗಾಣಗಾಪುರದಲ್ಲಿ ಜೋಳಿಗೆ ಖಾಲಿ ಮಾಡಿ ನಿಂತವರು ಇಲ್ಲಿ ರಾಜವೈಭವ ಕಂಡು ಬೆರಗಾಗುವುದುಂಟು. ಗುರುವನ್ನು ದೊರೆಯಂತೆ ಕೂರಿಸಿ ನಡೆಸುವ ದರ್ಬಾರಿಗೆ ದೂರದೂರದ ಗಾಯಕರು, ವಾದಕರು ಬಂದು ಸೇವೆ ಸಲ್ಲಿಸುತ್ತಾರೆ, ಅದು ರಾತ್ರಿಯಿಡೀ ನಡೆಯುತ್ತದೆ. ದಿಗಂಬರನೂ ದತ್ತನೇ, ಸಿಂಹಾಸನದವನೂ ದತ್ತನೇ. ಎರಡು ಕಡೆಯೂ ಬಂದದ್ದು ನಿಲ್ಲುವುದಿಲ್ಲ: ಅಲ್ಲಿ ಭಿಕ್ಷೆ ಆ ಹೊತ್ತಿಗೇ ಮುಗಿಯಬೇಕು, ಇಲ್ಲಿ ಕಾಣಿಕೆ ಬಂದಂತೆ ಭಂಡಾರಖಾನೆಯಿಂದ ಅನ್ನವಾಗಿ ಹೊರಡುತ್ತದೆ.

ದರ್ಬಾರಿನ ದಿನ, ಹೊತ್ತು ಮಾಣಿಕ ಪ್ರಭು ಸಂಸ್ಥಾನದ ಪತ್ರಿಕೆಯಲ್ಲಿ ಮೊದಲೇ ಬರುತ್ತದೆ. ಅದನ್ನು ನೋಡಿಕೊಂಡೇ ಪ್ರಯಾಣ ಗೊತ್ತು ಮಾಡಿ. ನಡುರಾತ್ರಿಯ ಮೇಲೆ ಹುಮನಾಬಾದಿನ ಚಳಿ ಗಾಣಗಾಪುರಕ್ಕಿಂತ ಜೋರು. ಶಾಲು ಗಂಟಿನ ತಳದಲ್ಲಿರದೆ ಕೈಗೆ ಸಿಗುವಂತಿರಲಿ. ಜೋಳಿಗೆಯನ್ನು ಅಷ್ಟರಲ್ಲಿ ಒಗೆದು ಒಣಗಿಸಿರಬೇಕು. ಅನ್ನದ ಅಗುಳು ಹತ್ತಿದ ಬಟ್ಟೆಯನ್ನು ಹಾಗೇ ಮಡಿಚಿಟ್ಟರೆ ಮುಂದಿನ ಜಯಂತಿಗೆ ಇಲಿ ಕಡಿದಿರುತ್ತದೆ.